ನಕ್ಷೆಯ ಪ್ರಮಾಣವೂ ನಮ್ಮ ಹೊಲದ ಅಳತೆಯೂ



ಸ್ಮರಣ ಸಂಚಿಕೆಯೆಂದರೆ ಹಾಡು, ನೆನಪು, ಬಹುಮಾನಗಳ ವೃತ್ತಾಂತ ಇವುಗಳಿಗೆ ಮೀಸಲಾದ ಪುಸ್ತಕವೆಂದು ಎಣಿಸುವದು ವಾಡಿಕೆ. ಆದರೂ ಶಾಲೆಯ ಹೆಸರಿನಿಂದ ಹೊರಡುವ ಪುಸ್ತಕದಲ್ಲಿ ಒಂದಾದರೂ ಪಾಠವಿರಬೇಕೆಂಬದು ನನ್ನ ಅಭಿಪ್ರಾಯ. ಆದುದರಿಂದ ನಕ್ಷೆಯ ಪ್ರಮಾಣವೆಂಬ ವಿಷಯವನ್ನು ಇಲ್ಲಿ ಎತ್ತಿಕೊಂಡಿರುವೆನು. ಇದನ್ನು ಜನರು ಸಾಮಾನ್ಯವಾಗಿ ಸ್ಕೇಲು ಎನ್ನುವರು. ನಮ್ಮಲ್ಲಿ ಕಲಿತು ಹೋದ ಹುಡುಗಿಯರಲ್ಲಿ ಕೆಲವರು ಈಗ ಗಣಕಯಂತ್ರದ ಮೇಲೆ ಕಟ್ಟಡಗಳ ಮತ್ತು ಜಮೀನುಗಳ ನಕ್ಷೆ ತೆಗೆಯುವ ಉದ್ಯೋಗದಲ್ಲಿರುವರು. ಮಿಕ್ಕವರಲ್ಲಿ ಅನೇಕರು ಅಂಥ ನಕ್ಷೆಗಳ ಕೆಳಗೆ ಸಹಿ ಮಾಡುವ ಪ್ರಸಂಗವನ್ನು ಎದುರಿಸುವರು. ತೆಗೆಯುವವಳಿಗೂ ಸಹಿ ಮಾಡುವವಳಿಗೂ ಈ ಪಾಠವು ಸಮಾನವಾಗಿ ಬೇಕಾದದ್ದು.

1. ಪ್ರಮಾಣವೆಂದರೇನು?

ಕಾಗದದ ಮೇಲಿನ ಉದ್ದಕ್ಕೂ ನೆಲದ ಮೇಲಿನ ಉದ್ದಕ್ಕೂ ಇರುವ ಸಂಬಂಧಕ್ಕೆ ಪ್ರಮಾಣವೆನ್ನುವರು. 1:100 ಎಂದು ಬರೆದಿದ್ದರೆ ಕಾಗದದ ಮೇಲಿನ ಒಂದು ಅಂಗುಲವು ನಿಜವಾಗಿ ನೂರು ಅಂಗುಲವೆಂದೂ, ಒಂದು ಸೆಂಟಿಮೀಟರು ನೂರು ಸೆಂಟಿಮೀಟರೆಂದೂ ತಿಳಿಯತಕ್ಕದ್ದು. ಎರಡೂ ಕಡೆಯಲ್ಲಿ ಒಂದೇ ಮಾನವನ್ನು ಇಟ್ಟರೆ ಮಾತ್ರ ಈ ಅಂಕಿಗಳಿಗೆ ಅರ್ಥವುಂಟು.

ಬೆಟಗೇರಿಯ ನೇಕಾರರ ಮನೆಗಳನ್ನು ಕಂಡವರಿಗೆ ಇದು ಹೊಸ ಮಾತಲ್ಲ. ಸೀರೆಯ ಅಂಚಿಗೆ ಹೂವನ್ನು ಕೂಡಿಸುವ ಮೊದಲು ಅದನ್ನು ಚೌಕುಳಿಯ ಕಾಗದದ ಮೇಲೆ ಬಿಡಿಸುವರು. ಒಂದೊಂದು ಮನೆಯು ಇಷ್ಟು ಎಳೆಗೆ ಸಮವೆಂದು ಮೊದಲೇ ಗೊತ್ತುಮಾಡಿಕೊಂಡಿರುವರು. ಅಲ್ಲಿ ಕಾಗದದ ಹೂವು ದೊಡ್ಡದು, ಬಟ್ಟೆಯ ಹೂವು ಚಿಕ್ಕದು. ಹೊಲದ ನಕ್ಷೆಯಲ್ಲಿ ಇದಕ್ಕೆ ವಿಪರೀತವಾಗಿ ಕಾಗದದ ಹೊಲವು ಚಿಕ್ಕದು, ನೆಲದ ಹೊಲವು ದೊಡ್ಡದು. ನಿಯಮವು ಮಾತ್ರ ಎರಡಕ್ಕೂ ಒಂದೇ. ಗೊತ್ತುಮಾಡಿದ ಸಂಬಂಧವನ್ನು ನಡುವೆ ಬದಲಿಸಿದರೆ ಹೂವೂ ಕೆಡುವದು, ಹೊಲವೂ ಕೆಡುವದು.

ಭೂಗೋಲದ ತರಗತಿಯಲ್ಲಿ ನೀವು ಭಾರತೀಯ ಸರ್ವೇಕ್ಷಣ ಇಲಾಖೆಯ ನಕ್ಷೆಗಳನ್ನು ಕುರಿತು ಓದಿರುವಿರಿ. ಆ ಇಲಾಖೆಯು ದೇಶವನ್ನು ಚೌಕಗಳಾಗಿ ವಿಭಾಗಿಸಿ ಅವುಗಳಿಗೆ ಸಂಖ್ಯೆಗಳನ್ನು ಕೊಟ್ಟಿರುವದು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಈ ನಾಲ್ಕು ಊರುಗಳೂ 48 ಎಂ ಎಂಬ ಒಂದೇ ಚೌಕದಲ್ಲಿ ಅಡಕವಾಗಿವೆ. ಹಿಂದೆ ಈ ನಕ್ಷೆಗಳು ಒಂದು ಮೈಲಿಗೆ ಒಂದು ಅಂಗುಲದಂತೆ, ಅಂದರೆ 1:63,360ರ ಪ್ರಮಾಣದಲ್ಲಿ ಇದ್ದವು. ಮೆಟ್ರಿಕ್ ಪದ್ಧತಿಯು ಬಂದ ಮೇಲೆ 1:50,000ರ ಪ್ರಮಾಣದಲ್ಲಿ ಅಚ್ಚಾದವು. ಕಪ್ಪತಗುಡ್ಡದ ಸಾಲನ್ನೂ ತುಂಗಭದ್ರೆಯ ತಿರುವನ್ನೂ ನೋಡುವದಕ್ಕೆ ಈ ಪ್ರಮಾಣವು ಸಾಕು. ಒಬ್ಬ ರೈತನ ಐದು ಎಕರೆಯ ಹೊಲವಾದರೋ ಅದರಲ್ಲಿ ಸಾಸಿವೆಯ ಕಾಳಿನಷ್ಟೇ ಕಾಣುವದು. ಹೊಲಕ್ಕೆ ಬೇರೆ ಪ್ರಮಾಣವೇ ಬೇಕು.

2. 7920 ಎಂಬ ಅಂಕಿ ಎಲ್ಲಿಂದ ಬಂದಿತು?

ನಮ್ಮ ಸೀಮೆಯ ಹಳ್ಳಿಯ ನಕ್ಷೆಗಳು ಸಾಮಾನ್ಯವಾಗಿ 1:7920ರ ಪ್ರಮಾಣದಲ್ಲಿ ಇರುವವು. ಮೊದಲ ನೋಟಕ್ಕೆ ಇದು ವಿಚಿತ್ರವಾದ ಅಂಕಿಯೆಂದು ತೋರುವದು; ಹತ್ತು ಸಾವಿರವಲ್ಲ, ಎಂಟು ಸಾವಿರವೂ ಅಲ್ಲ. ಇದರ ಮೂಲವು ಭೂಮಾಪಕರ ಸರಪಳಿಯಲ್ಲಿದೆ.

ಧಾರವಾಡ ಜಿಲ್ಲೆಯು ಮುಂಬಯಿ ಇಲಾಖೆಗೆ ಸೇರಿದ್ದ ಕಾಲದಲ್ಲಿ ಇಲ್ಲಿ ಮುಂಬಯಿ ಪದ್ಧತಿಯ ಭೂಮಾಪನವು ನಡೆಯಿತು. ಗೋಲ್ಡ್‌ಸ್ಮಿಡ್, ವಿಂಗೇಟ್, ಡೇವಿಡ್‌ಸನ್ ಎಂಬ ಮೂವರು ಅಧಿಕಾರಿಗಳು 1847ರಲ್ಲಿ ಬರೆದ ಜಂಟಿ ವರದಿಯು ಆ ಪದ್ಧತಿಗೆ ಆಧಾರವಾಯಿತು. ಅದರ ಸರಪಳಿಯು 33 ಅಡಿ ಉದ್ದವಾದದ್ದು. ಅದನ್ನು 16 ಆಣೆಗಳಾಗಿ ಭಾಗಿಸಿದ್ದರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ನೆಲವು ಒಂದು ಗುಂಟೆ, ಅಂದರೆ 1,089 ಚದರ ಅಡಿ. ಇಂಥ 40 ಗುಂಟೆಗಳು ಕೂಡಿದರೆ ಒಂದು ಎಕರೆ, ಅಂದರೆ 43,560 ಚದರ ಅಡಿ. ಇಂದಿಗೂ ಉತಾರದಲ್ಲಿ ಎಕರೆ, ಗುಂಟೆ, ಆಣೆ ಎಂದೇ ಬರೆಯುತ್ತಿರುವದನ್ನು ಮನೆಯಲ್ಲಿ ತೆಗೆದು ನೋಡಿರಿ.

ಈಗ ಕಾಗದದ ಒಂದು ಅಂಗುಲಕ್ಕೆ 20 ಸರಪಳಿಗಳನ್ನು ಇಡೋಣ. 20 ಸರಪಳಿಯೆಂದರೆ 660 ಅಡಿ. ಅದನ್ನು ಅಂಗುಲಗಳಾಗಿ ಮಾಡಿದರೆ 7,920. ಪ್ರಮಾಣವು 1:7920 ಆಯಿತು. ಮೈಲಿಯ ಲೆಕ್ಕದಿಂದ ನೋಡಿದರೆ ಒಂದು ಮೈಲಿಗೆ ಸರಿಯಾಗಿ 8 ಅಂಗುಲ. ಇನ್ನೂ ಒಂದು ಸೌಕರ್ಯವು ಇದರಲ್ಲಿ ಅಡಗಿರುವದು. ಕಾಗದದ ಒಂದು ಚದರ ಅಂಗುಲದಲ್ಲಿ 20 × 20 = 400 ಗುಂಟೆಗಳಿರುವವು; ಅಂದರೆ ಸರಿಯಾಗಿ 10 ಎಕರೆ. ಒಂದು ಅಂಗುಲ ಉದ್ದ, ಅರ್ಧ ಅಂಗುಲ ಅಗಲವಾಗಿ ಕಾಣುವ ಹೊಲವು 5 ಎಕರೆಯದು. ಫೂಟುಪಟ್ಟಿಯೊಂದು ಕೈಯಲ್ಲಿದ್ದರೆ ಗುಣಾಕಾರ ಬಲ್ಲ ಹುಡುಗಿಯು ಹಳ್ಳಿಯ ನಕ್ಷೆಯಿಂದ ಎಕರೆಯನ್ನು ಓದಿ ಹೇಳಬಹುದು.

ಆದರೆ ಎಲ್ಲ ಹಳೆಯ ಕಾಗದಗಳಿಗೂ ಇದೇ ಪ್ರಮಾಣವನ್ನು ಹಚ್ಚಬಾರದು. 1948ರಲ್ಲಿ ವಿಲೀನವಾಗುವ ತನಕ ಶಿರಹಟ್ಟಿಯು ಸಾಂಗಲಿ ಸಂಸ್ಥಾನಕ್ಕೂ ಲಕ್ಷ್ಮೇಶ್ವರವು ಮಿರಜ ಸಂಸ್ಥಾನಕ್ಕೂ ಸೇರಿದ್ದವು. ಗದಗ, ಮುಂಡರಗಿಗಳು ನೇರವಾಗಿ ಮುಂಬಯಿ ಸರಕಾರದ ಆಡಳಿತದಲ್ಲಿದ್ದವು. ಒಂದೇ ಮನೆತನದ ಪೆಟ್ಟಿಗೆಯಲ್ಲಿ ಬೇರೆ ಬೇರೆ ದಫ್ತರಗಳ ಕಾಗದಗಳು ಇರಬಹುದು. ಆದುದರಿಂದ ನಕ್ಷೆಯ ಅಂಚಿನಲ್ಲಿ ಬರೆದ ಪ್ರಮಾಣವನ್ನು ಮೊದಲು ಓದಿ, ಬಳಿಕ ಅಳೆಯತಕ್ಕದ್ದು.

3. ಗಣಕಯಂತ್ರದ ಪಟ್ಟಿಯಲ್ಲಿ ನಮ್ಮ ಅಂಕಿ ಇಲ್ಲ

ಈಗ ನಕ್ಷೆಗಳನ್ನು ಬಹುಮಟ್ಟಿಗೆ ಗಣಕಯಂತ್ರದ ಮೇಲೆ ತೆಗೆಯುವರು. ಅದಕ್ಕೆ ಬೇಕಾದ ತಂತ್ರಾಂಶಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು 1982ರಲ್ಲಿ ಅಮೇರಿಕೆಯಲ್ಲಿ ಹೊರಬಂದ ಆಟೋಕ್ಯಾಡ್. ಇದರಲ್ಲಿ ಕೆಲಸದ ಕ್ರಮವು ಕೈಬರಹದ ಕ್ರಮಕ್ಕಿಂತ ಭಿನ್ನವಾಗಿರುವದು. ಕಾಗದದ ಮೇಲೆ ಬಿಡಿಸುವವರು ಮೊದಲೇ ಪ್ರಮಾಣವನ್ನು ಗೊತ್ತುಮಾಡಿಕೊಂಡು ಎಲ್ಲ ಉದ್ದಗಳನ್ನೂ ಕಿರಿದುಮಾಡಿ ಎಳೆಯುವರು. ಗಣಕಯಂತ್ರದಲ್ಲಾದರೋ ಹೊಲವನ್ನು ಅದರ ನಿಜವಾದ ಉದ್ದಗಲಗಳಲ್ಲಿಯೇ ಬಿಡಿಸುವರು. 660 ಅಡಿಯ ಬದುವನ್ನು 660 ಅಡಿಯೆಂದೇ ಎಳೆಯುವರು. ಕಾಗದದ ಮೇಲೆ ಇಳಿಸುವಾಗ ಮಾತ್ರ ಪ್ರಮಾಣವನ್ನು ಒಂದು ಪಟ್ಟಿಯಿಂದ ಆರಿಸಿಕೊಳ್ಳುವರು.

ತಂತ್ರಾಂಶವು ತಾನಾಗಿ ಒದಗಿಸುವ ಪಟ್ಟಿಯಲ್ಲಿ 1:10, 1:20, 1:50, 1:100 ಮುಂತಾದವು ಇರುವವು. ಯಂತ್ರದ ಭಾಗಗಳಿಗೂ ಮನೆಯ ನಕ್ಷೆಗಳಿಗೂ ಇವು ಒಪ್ಪುವವು. ಮುಂಡರಗಿಯ ಎರೆಹೊಲಕ್ಕೆ ಬೇಕಾದ 7920 ಅದರಲ್ಲಿ ಇರುವದಿಲ್ಲ. ತಂತ್ರಾಂಶವನ್ನು ರಚಿಸಿದವರಿಗೆ ನಮ್ಮ 33 ಅಡಿಯ ಸರಪಳಿಯ ನೆನಪಿರಬೇಕೆಂದು ನಾವು ನಿರೀಕ್ಷಿಸುವಂತಿಲ್ಲ. ಆದರೆ ಅವರು ಪಟ್ಟಿಗೆ ನಮ್ಮ ಪ್ರಮಾಣವನ್ನು ಸೇರಿಸಲು ಬಾಗಿಲನ್ನು ತೆರೆದಿಟ್ಟಿರುವರು. ಆ ಬಾಗಿಲನ್ನು ಅರಿಯದ ನಕ್ಷೆಗಾರರು ಸಮೀಪದ ದುಂಡು ಅಂಕಿಯೊಂದನ್ನು ಆರಿಸಿ ಕೆಲಸವನ್ನು ಮುಗಿಸುವದುಂಟು. ಅದರ ಫಲವನ್ನು ಲೆಕ್ಕದಿಂದಲೇ ನೋಡಿರಿ.

1:7920ರ ನಕ್ಷೆಯನ್ನು 1:8000 ಎಂದು ಭಾವಿಸಿ ಅಳೆದರೆ ಪ್ರತಿಯೊಂದು ಉದ್ದವೂ ನೂರಕ್ಕೆ ಒಂದರಷ್ಟು ಹೆಚ್ಚಾಗಿ ತೋರುವದು. ಕ್ಷೇತ್ರಫಲವು ನೂರಕ್ಕೆ ಎರಡರಷ್ಟು ಹೆಚ್ಚಾಗುವದು. 10 ಎಕರೆಯ ಹೊಲವು 10 ಎಕರೆ 8 ಗುಂಟೆಯಾಗಿ ಕಾಣುವದು. ಈ 8 ಗುಂಟೆ ನೆಲವು ಎಲ್ಲಿಯೂ ಇಲ್ಲ. ಆದರೂ ಅದು 30 ಅಡಿಗೆ 40 ಅಡಿಯ ಏಳು ನಿವೇಶನಗಳಿಗಿಂತ ದೊಡ್ಡದು. ಇಲ್ಲದ ನೆಲವನ್ನು ಒಬ್ಬನು ಮಾರಿದರೆ ಇನ್ನೊಬ್ಬನು ಅದನ್ನು ಪಕ್ಕದವರ ಬದುವಿನೊಳಗೆ ಹುಡುಕುವನು. ನೆರೆಯವನ ಮೇರೆಗಲ್ಲನ್ನು ಸರಿಸಬಾರದೆಂಬ ವಿಧಿಯು ಧರ್ಮೋಪದೇಶಕಾಂಡದಲ್ಲಿ ಇರುವದನ್ನು ನಮ್ಮ ಮಕ್ಕಳು ಬಲ್ಲರು. ಕಲ್ಲನ್ನು ಮುಟ್ಟದೆ ಕಾಗದದ ಮೇಲೆಯೇ ಅದನ್ನು ಸರಿಸುವ ಸಾಧ್ಯತೆಯೂ ಇರುವದೆಂದು ಈಗ ತಿಳಿಯತಕ್ಕದ್ದು.

4. ಹೊಸ ಪ್ರಮಾಣವನ್ನು ಸೇರಿಸುವ ರೀತಿ

ಆಟೋಕ್ಯಾಡ್‌ನ ಆಜ್ಞೆಯ ಸಾಲಿನಲ್ಲಿ ಸ್ಕೇಲ್‌ಲಿಸ್ಟ್‌ಎಡಿಟ್ ಎಂದು ಬರೆದರೆ ಪ್ರಮಾಣಗಳ ಪಟ್ಟಿಯು ತೆರೆಯುವದು. ಅದರಲ್ಲಿ ಆ್ಯಡ್ ಎಂಬ ಗುಂಡಿಯನ್ನು ಒತ್ತಿದರೆ ಮೂರು ತೆರವುಗಳು ಕಾಣುವವು. ಮೊದಲನೆಯದು ಪಟ್ಟಿಯಲ್ಲಿ ತೋರಬೇಕಾದ ಹೆಸರು. ಎರಡನೆಯದು ಪೇಪರ್ ಯೂನಿಟ್ಸ್, ಅಂದರೆ ಕಾಗದದ ಮೇಲಿನ ಮಾನ. ಮೂರನೆಯದು ಡ್ರಾಯಿಂಗ್ ಯೂನಿಟ್ಸ್, ಅಂದರೆ ಚಿತ್ರದೊಳಗಿನ ಮಾನ. ಹೆಸರಿನ ಸ್ಥಳದಲ್ಲಿ 1:7920 ಎಂದು ಬರೆಯಬೇಕು. ಉಳಿದ ಎರಡು ತೆರವುಗಳಲ್ಲಿ ಬರೆಯತಕ್ಕ ಅಂಕಿಗಳು ನೀವು ಚಿತ್ರವನ್ನು ಯಾವ ಮಾನದಲ್ಲಿ ಬಿಡಿಸಿರುವಿರೋ ಅದನ್ನು ಅವಲಂಬಿಸಿರುವವು.

ಕಾಗದವು ಅಂಗುಲದಲ್ಲಿ, ಚಿತ್ರವೂ ಅಂಗುಲದಲ್ಲಿ ಇದ್ದರೆ: 1 ಮತ್ತು 7920.
ಕಾಗದವು ಅಂಗುಲದಲ್ಲಿ, ಚಿತ್ರವು ಅಡಿಗಳಲ್ಲಿ ಇದ್ದರೆ: 1 ಮತ್ತು 660.
ಕಾಗದವು ಅಂಗುಲದಲ್ಲಿ, ಚಿತ್ರದ ಒಂದು ಮಾನವು 33 ಅಡಿಯ ಒಂದು ಸರಪಳಿಗೆ ಸಮವಾಗಿದ್ದರೆ: 1 ಮತ್ತು 20.
ಕಾಗದವು ಮಿಲಿಮೀಟರಿನಲ್ಲಿ, ಚಿತ್ರವು ಮೀಟರಿನಲ್ಲಿ ಇದ್ದರೆ: 1 ಮತ್ತು 7.92.

ಅಂಕಿಗಳು ನಾಲ್ಕು ಬಗೆಯಾದರೂ ಪ್ರಮಾಣವು ಒಂದೇ. ಮೂರನೆಯ ಸಾಲಿನಲ್ಲಿ ಭೂಮಾಪಕರ 20 ಸರಪಳಿಯು ಹೇಗೆ ಪುನಃ ಬಂದಿತೆಂಬದನ್ನು ಗಮನಿಸಿರಿ.

ಇಲ್ಲಿ ಇನ್ನು ಮೂರು ಸೂಚನೆಗಳು ಅವಶ್ಯ. ಹೀಗೆ ಸೇರಿಸಿದ ಪ್ರಮಾಣವು ಆ ಒಂದು ಚಿತ್ರದೊಳಗೆ ಮಾತ್ರ ಉಳಿಯುವದು; ಮುಂದೆ ತೆರೆಯುವ ಚಿತ್ರಗಳಿಗೂ ಬೇಕಾದರೆ ಆಪ್ಶನ್ಸ್ ಎಂಬಲ್ಲಿರುವ ಮೂಲ ಪಟ್ಟಿಯಲ್ಲಿಯೂ ಅದನ್ನು ಸೇರಿಸತಕ್ಕದ್ದು. ರಿಸೆಟ್ ಎಂಬ ಗುಂಡಿಯನ್ನು ಒತ್ತಿದರೆ ಮೂಲ ಪಟ್ಟಿಯು ತಿರುಗಿ ಬಂದು, ನಾವು ಚಿತ್ರದಲ್ಲಿ ಸೇರಿಸಿದವುಗಳು ಅಳಿದು ಹೋಗುವವು. ಬೇಡವಾದವುಗಳನ್ನು ಡಿಲೀಟ್ ಎಂಬದರಿಂದ ತೆಗೆದುಹಾಕಿ, ಹೆಚ್ಚಾಗಿ ಬಳಸುವದನ್ನು ಪಟ್ಟಿಯ ಮೇಲಕ್ಕೆ ಸರಿಸಿಕೊಂಡರೆ ಆರಿಸುವಾಗ ಕೈತಪ್ಪು ಕಡಿಮೆಯಾಗುವದು.

ಹಳೆಯ ನಕ್ಷೆಯ ಪ್ರತಿಬಿಂಬವನ್ನು ಗಣಕಯಂತ್ರಕ್ಕೆ ತಂದು ಅದರ ಮೇಲೆ ಗೆರೆ ಎಳೆಯುವದಾದರೆ, ಪ್ರತಿಬಿಂಬವನ್ನು ಮೊದಲು ನಿಜವಾದ ಅಳತೆಗೆ ಹಿಗ್ಗಿಸಬೇಕು. ನಕ್ಷೆಯ ಮೇಲೆ ಅಚ್ಚಾದ ಅಳತೆಪಟ್ಟಿಯಲ್ಲಿ 20 ಸರಪಳಿಯ ಗೆರೆಯನ್ನು ಹಿಡಿದು, ಅದು 660 ಅಡಿಯಾಗುವಂತೆ ಮಾಡುವದೇ ಉತ್ತಮವಾದ ಮಾರ್ಗ. ಕಾಗದವು ಹಳೆಯದಾದಂತೆ ಕುಗ್ಗುವದೂ ಹಿಗ್ಗುವದೂ ಉಂಟು. ಅದರೊಡನೆ ಅಚ್ಚಾದ ಪಟ್ಟಿಯೂ ಅಷ್ಟೇ ಕುಗ್ಗಿ ಹಿಗ್ಗುವದರಿಂದ ಅದು ಸುಳ್ಳು ಹೇಳಲಾರದು.

5. ಹೆಸರು ಬೇರೆ, ಅಂಕಿ ಬೇರೆ

ಈ ಪಾಠದ ಮುಖ್ಯಾಂಶವು ಇಲ್ಲಿರುವದು. ಮೊದಲನೆಯ ತೆರವಿನಲ್ಲಿ ನಾವು ಬರೆಯುವ ಹೆಸರನ್ನು ತಂತ್ರಾಂಶವು ಪರೀಕ್ಷಿಸುವದಿಲ್ಲ. ಅದು ಡಬ್ಬಿಯ ಮೇಲೆ ಅಂಟಿಸಿದ ಚೀಟಿಯಂತೆ. ಸಕ್ಕರೆಯೆಂದು ಬರೆದ ಡಬ್ಬಿಯಲ್ಲಿ ಉಪ್ಪನ್ನು ತುಂಬಿದರೂ ಡಬ್ಬಿಯು ಮಾತಾಡಲಾರದು.

ಉದಾಹರಣೆಗೆ, ಐದು ಎಕರೆಯ ಹೊಲವನ್ನು ಮಕ್ಕಳಿಗೆ ಪಾಲು ಮಾಡುವದಕ್ಕೆ 1:7920ರ ನಕ್ಷೆಯು ಬಹಳ ಚಿಕ್ಕದು. 1:1000ರ ನಕ್ಷೆಯಾದರೆ ಆ ಹೊಲವು ಸುಮಾರು 201 ಮಿಲಿಮೀಟರು ಉದ್ದ, 100 ಮಿಲಿಮೀಟರು ಅಗಲವಾಗಿ ಸಾಮಾನ್ಯ ಎ4 ಕಾಗದದಲ್ಲಿ ಅಂದವಾಗಿ ಕೂಡುವದು. ಚಿತ್ರವು ಮೀಟರಿನಲ್ಲಿಯೂ ಕಾಗದವು ಮಿಲಿಮೀಟರಿನಲ್ಲಿಯೂ ಇರುವಾಗ ತೆರವುಗಳಲ್ಲಿ 1 ಮತ್ತು 1 ಎಂದು ಬರೆಯಬೇಕು. ಏಕೆಂದರೆ ಒಂದು ಮೀಟರಿನಲ್ಲಿ ಸಾವಿರ ಮಿಲಿಮೀಟರುಗಳು ಆಗಲೇ ಅಡಗಿರುವವು. ಹೊಸಬರು ಹೆಸರನ್ನು ನೋಡಿ 1 ಮತ್ತು 1000 ಎಂದು ಬರೆದರೆ ಪ್ರಮಾಣವು 1:10,00,000 ಆಗಿ, ಹೊಲವೆಲ್ಲ ಒಂದು ಚುಕ್ಕೆಯಾಗುವದು. ಇಷ್ಟು ದೊಡ್ಡ ತಪ್ಪು ಕಣ್ಣಿಗೆ ಕೂಡಲೇ ಬೀಳುವದರಿಂದ ಅಪಾಯವಿಲ್ಲ. 7.92ರ ಬದಲು 7.29 ಎಂದು ಬರೆದರೆ ಮಾತ್ರ ಹೆಸರೂ ಸರಿಯಾಗಿ, ಚಿತ್ರವೂ ಸರಿಯಾದಂತೆ ಕಂಡು, ಅಳತೆಯೆಲ್ಲವೂ ತಪ್ಪಾಗಿರುವದು.

ಆದುದರಿಂದ ಸೇರಿಸಿದ ಪ್ರತಿಯೊಂದು ಪ್ರಮಾಣವನ್ನೂ ಒಮ್ಮೆ ಪರೀಕ್ಷಿಸತಕ್ಕದ್ದು. ಚಿತ್ರದಲ್ಲಿ ಸರಿಯಾಗಿ 660 ಅಡಿಯ ಒಂದು ಗೆರೆಯನ್ನು ಎಳೆದು, ಹೊಸ ಪ್ರಮಾಣದಲ್ಲಿ ಮುದ್ರಿಸಿ, ಫೂಟುಪಟ್ಟಿಯಿಂದ ಅಳೆಯಿರಿ. ಒಂದು ಅಂಗುಲ ಬಂದರೆ ಸರಿ. ಈ ಪರೀಕ್ಷೆಗೆ ಐದು ನಿಮಿಷವೂ ಹಿಡಿಯದು.

6. ಮುದ್ರಣದಲ್ಲಿ ಆಗುವ ಹಾನಿ

ನಕ್ಷೆಯನ್ನು ಸರಿಯಾಗಿ ತೆಗೆದ ಮೇಲೂ ಮುದ್ರಿಸುವಾಗ ಪ್ರಮಾಣವು ಕೆಡಬಹುದು. ಫಿಟ್ ಟು ಪೇಪರ್ ಎಂಬ ಅನುಕೂಲವನ್ನು ಆರಿಸಿದರೆ ಯಂತ್ರವು ಕಾಗದಕ್ಕೆ ಒಪ್ಪುವಂತೆ ಚಿತ್ರವನ್ನು ಕುಗ್ಗಿಸುವದು ಅಥವಾ ಹಿಗ್ಗಿಸುವದು. ಮೂಲೆಯಲ್ಲಿ ಬರೆದ 1:7920 ಎಂಬ ಅಕ್ಷರಗಳು ಮಾತ್ರ ಹಾಗೆಯೇ ನಿಲ್ಲುವವು. ಝೆರಾಕ್ಸ್ ಅಂಗಡಿಯಲ್ಲಿ ಕಿರಿದು ಮಾಡಿಸಿದ ಪ್ರತಿಗೂ, ಮೊಬೈಲಿನಲ್ಲಿ ತೆಗೆದ ಛಾಯಾಚಿತ್ರಕ್ಕೂ ಇದೇ ಗತಿ.

ಉದ್ದವು ನೂರಕ್ಕೆ ಹತ್ತು ಕುಗ್ಗಿದರೆ ಕ್ಷೇತ್ರಫಲವೂ ಹತ್ತೇ ಕುಗ್ಗುವದೆಂದು ಅನೇಕರು ಭಾವಿಸುವರು. ಅದು ಸರಿಯಲ್ಲ. ಉದ್ದವೂ ಅಗಲವೂ ಎರಡೂ ಕುಗ್ಗುವದರಿಂದ ಕ್ಷೇತ್ರಫಲವು ನೂರಕ್ಕೆ ಹತ್ತೊಂಬತ್ತು ಕುಗ್ಗುವದು. 5 ಎಕರೆಯ ಹೊಲವು 4 ಎಕರೆ 2 ಗುಂಟೆಯಾಗಿ ತೋರುವದು. 38 ಗುಂಟೆ ಮಾಯವಾಗುವದು. ಇದಕ್ಕೆ ಪರಿಹಾರವು ಸುಲಭ. ನಕ್ಷೆಯ ಕೆಳಗೆ ಅಳತೆಪಟ್ಟಿಯನ್ನು ತಪ್ಪದೆ ಬಿಡಿಸಬೇಕು. ನಕ್ಷೆಯು ಕುಗ್ಗಿದರೆ ಪಟ್ಟಿಯೂ ಕುಗ್ಗುವದು. ಅದರಿಂದ ಅಳೆದವರಿಗೆ ಮೋಸವಾಗದು. ಅಳತೆಪಟ್ಟಿಯಿಲ್ಲದ ಪ್ರತಿಯನ್ನು ಯಾರಾದರೂ ಕೈಗೆ ಕೊಟ್ಟರೆ ಅದರಿಂದ ಏನನ್ನೂ ಅಳೆಯಬೇಡಿರಿ.

7. ಇದು ನಮಗೇಕೆ ಬೇಕು?

ನಮ್ಮ ಸೀಮೆಯಲ್ಲಿ ನೆಲವು ಕೈಬದಲಾಗುತ್ತಿರುವದು. ನೀರಾವರಿಯ ಕಾಲುವೆಗಾಗಿ, ರಸ್ತೆಗಾಗಿ, ಗಾಳಿಯಿಂದ ವಿದ್ಯುತ್ತನ್ನು ತೆಗೆಯುವ ಯಂತ್ರಗಳಿಗಾಗಿ ಹೊಲಗಳನ್ನು ಕೇಳುವರು. ಊರ ಅಂಚಿನ ಜಮೀನುಗಳು ನಿವೇಶನಗಳಾಗುವವು. ಹೆಣ್ಣುಮಕ್ಕಳ ಹಕ್ಕೂ ಕಾಯಿದೆಯಲ್ಲಿ ಸ್ಪಷ್ಟವಾಗಿರುವದು. 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯು ಕ್ರೈಸ್ತ ಕುಟುಂಬಗಳಲ್ಲಿ ಮೃತ್ಯುಪತ್ರವಿಲ್ಲದಿರುವಾಗ ಮಗ ಮಗಳೆಂಬ ಭೇದವನ್ನು ಮಾಡುವದಿಲ್ಲ. 2005ರ ತಿದ್ದುಪಡಿಯು ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೆ ಮಗನಷ್ಟೇ ಹಕ್ಕನ್ನು ಕೊಟ್ಟಿರುವದು. ಆದರೆ ಕಾಯಿದೆಯು ಕೊಟ್ಟ ಪಾಲನ್ನು ಕಾಗದದ ಮೇಲೆ ಗುರುತಿಸಲು ಬಾರದವಳು, ತನಗೆ ತೋರಿಸಿದ ಗೆರೆಯನ್ನೇ ನಂಬಿ ಸಹಿ ಮಾಡಬೇಕಾಗುವದು.

ಇಬ್ಬರು ಅಣ್ಣಂದಿರೂ ಒಬ್ಬ ತಂಗಿಯೂ 6 ಎಕರೆಯನ್ನು ಹಂಚಿಕೊಳ್ಳುವರೆಂದು ಇಟ್ಟುಕೊಳ್ಳಿರಿ. ಒಬ್ಬೊಬ್ಬರಿಗೆ 2 ಎಕರೆ, ಅಂದರೆ 80 ಗುಂಟೆ. ಕುಗ್ಗಿದ ಪ್ರತಿಯ ಮೇಲೆ ಯಾರೂ ದುರುದ್ದೇಶವಿಲ್ಲದೆ 1:7920ರ ಲೆಕ್ಕದಿಂದ ಇಬ್ಬರ ಪಾಲನ್ನು ಅಳೆದು ಗೆರೆ ಹಾಕಿದರೂ, ಅವರಿಬ್ಬರಿಗೂ ಹೆಚ್ಚು ನೆಲವು ಹೋಗಿ, ಉಳಿದದ್ದು ಕಡೆಯವಳ ಪಾಲಿಗೆ ಬರುವದು. ಉದ್ದವು ನೂರಕ್ಕೆ ಹತ್ತು ಕುಗ್ಗಿದ ಪ್ರತಿಯಾದರೆ ಆಕೆಗೆ ಉಳಿಯುವದು 43 ಗುಂಟೆಗಿಂತಲೂ ಕಡಿಮೆ. ಅಣ್ಣತಂಗಿಯರ ನಡುವೆ ಮನಸ್ತಾಪವು ಹುಟ್ಟುವದಕ್ಕೆ ಇಷ್ಟು ಸಾಕು. ಅಣ್ಣಂದಿರು ಮೋಸ ಮಾಡಿದರೆಂದು ಆಕೆಯೂ, ತಂಗಿಯು ದುರಾಸೆಯವಳೆಂದು ಅವರೂ ಜೀವಮಾನವೆಲ್ಲ ನಂಬಿರುವರು.

ಇನ್ನೊಂದು ಮಾತನ್ನು ಪಾಲಕರು ಗಮನಿಸಬೇಕು. ಹಳ್ಳಿಯ ನಕ್ಷೆಯು ಹೊಲಗಳ ಸ್ಥಾನವನ್ನೂ ಆಕಾರವನ್ನೂ ತೋರಿಸುವದಕ್ಕೆ ಇರುವದು. ಬದುವಿನ ವಿವಾದವನ್ನು ಅದರ ಮೇಲೆ ಫೂಟುಪಟ್ಟಿಯನ್ನಿಟ್ಟು ತೀರ್ಮಾನಿಸಲಾಗದು. ಅದಕ್ಕೆ ಭೂಮಾಪನ ಇಲಾಖೆಯ ಟಿಪ್ಪಣಿಯಲ್ಲಿ ಬರೆದ ಅಳತೆಗಳು ಬೇಕು, ಅರ್ಜಿ ಕೊಟ್ಟು ಹದ್ದುಬಸ್ತು ಮಾಡಿಸಬೇಕು. ಆದರೆ ಅರ್ಜಿಯನ್ನು ಕೊಡಬೇಕೋ ಬೇಡವೋ ಎಂಬದನ್ನು ನಿಶ್ಚಯಿಸುವದಕ್ಕೆ, ಮುಂದಿಟ್ಟ ನಕ್ಷೆಯಲ್ಲಿ ಸಂಶಯಪಡತಕ್ಕ ಸಂಗತಿಯುಂಟೋ ಇಲ್ಲವೋ ಎಂದು ತಿಳಿಯುವದಕ್ಕೆ ನಮ್ಮ ಸ್ವಂತ ಲೆಕ್ಕವು ಸಾಕು.

8. ಅಭ್ಯಾಸ

ತಾಯಿ ಮಗಳು ಕೂಡಿ ಮಾಡಿ ನೋಡಬೇಕೆಂದು ಮೂರು ಪ್ರಶ್ನೆಗಳನ್ನು ಕೊಟ್ಟಿರುವೆನು.

(ಅ) 1:7920ರ ನಕ್ಷೆಯಲ್ಲಿ ಒಂದು ಹೊಲವು ಒಂದೂಕಾಲು ಅಂಗುಲ ಉದ್ದ, ಅರ್ಧ ಅಂಗುಲ ಅಗಲವಾಗಿರುವದು. ಅದರ ಕ್ಷೇತ್ರಫಲವೆಷ್ಟು?

(ಆ) ಚಿತ್ರವು ಮೀಟರಿನಲ್ಲಿ, ಕಾಗದವು ಮಿಲಿಮೀಟರಿನಲ್ಲಿ ಇರುವದು. 1:500ರ ಪ್ರಮಾಣವನ್ನು ಪಟ್ಟಿಗೆ ಸೇರಿಸಲು ಎರಡು ತೆರವುಗಳಲ್ಲಿ ಯಾವ ಅಂಕಿಗಳನ್ನು ಬರೆಯಬೇಕು?

(ಇ) ಒಂದು ಝೆರಾಕ್ಸ್ ಪ್ರತಿಯಲ್ಲಿ ಒಂದು ಅಂಗುಲವಾಗಿರಬೇಕಾದ ಅಳತೆಪಟ್ಟಿಯು 0.95 ಅಂಗುಲವಾಗಿರುವದು. ಇದನ್ನು ಗಮನಿಸದವರು ಆ ಪ್ರತಿಯಿಂದ ಒಂದು ಹೊಲವನ್ನು ಅಳೆದು 9 ಎಕರೆ 1 ಗುಂಟೆ ಎಂದರು. ಅದರ ನಿಜವಾದ ಕ್ಷೇತ್ರಫಲವೆಷ್ಟು?

ಉತ್ತರಗಳು: (ಅ) 6 ಎಕರೆ 10 ಗುಂಟೆ. (ಆ) 1 ಮತ್ತು 0.5; ಅಥವಾ 2 ಮತ್ತು 1. (ಇ) 10 ಎಕರೆ.

ಮೂರನೆಯ ಉತ್ತರವು ಮೊದಲ ಸಲಕ್ಕೆ ಬಾರದಿದ್ದರೆ ಬೇಸರಪಡಬೇಡಿರಿ, 0.95ನ್ನು 0.95ರಿಂದ ಗುಣಿಸಿ, ಬಂದದ್ದರಿಂದ 9 ಎಕರೆ 1 ಗುಂಟೆಯನ್ನು ಭಾಗಿಸಿರಿ. ಬಳಿಕ ಮನೆಯ ಪೆಟ್ಟಿಗೆಯಿಂದ ನಿಮ್ಮ ಹೊಲದ ಉತಾರವನ್ನೂ ನಕ್ಷೆಯನ್ನೂ ಹೊರತೆಗೆದು, ಮೊದಲು ಅಂಚಿನ ಪ್ರಮಾಣವನ್ನು ಓದಿ, ಅಳತೆಪಟ್ಟಿಯನ್ನು ಪರೀಕ್ಷಿಸಿ, ಎಕರೆಯನ್ನು ಲೆಕ್ಕ ಹಾಕಿರಿ. ಉತಾರದ ಅಂಕಿಗೂ ನಿಮ್ಮ ಅಂಕಿಗೂ ಬಹಳ ಅಂತರವಿದ್ದರೆ ಕಾರಣವನ್ನು ಹುಡುಕಿರಿ. ನಮ್ಮ ಹಳೆಯ ವಿದ್ಯಾರ್ಥಿನಿಯರ ಮನೆಗಳಲ್ಲಿ ಯಾವ ಪಾಲೂ ತಪ್ಪು ಗೆರೆಯಿಂದ ಕೆಡದಿರಲೆಂದೂ, ಅಣ್ಣತಂಗಿಯರ ಪ್ರೀತಿಯು ಕುಂದದಿರಲೆಂದೂ ದೇವರಲ್ಲಿ ಬೇಡಿಕೊಂಡು ಈ ಪಾಠವನ್ನು ಮುಗಿಸುವೆನು.